ಮುಂಬೈ ಫುಲ್ ಮ್ಯಾರಥಾನ್‌ಗೆ ತಯಾರಿ, ಜೊತೆಗೆ ತೂಕವೂ ಇಳಿಯಬೇಕು: ಊಟ ಹೇಗಿರಬೇಕು?

ಕುಕ್ಕರಹಳ್ಳಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು. ವಯಸ್ಸು 41, ಎತ್ತರ 170 ಸೆಂ.ಮೀ., ತೂಕ 78 ಕೆಜಿ. ಹಾಫ್ ಮ್ಯಾರಥಾನ್ (21 ಕಿ.ಮೀ.) ಓಡಿದ್ದೇನೆ. ಜನವರಿಯಲ್ಲಿ 42 ಕಿ.ಮೀ. ಮುಂಬೈ ಫುಲ್‌ಗೆ ಹೆಸರು ಕೊಟ್ಟಾಗಿದೆ. ಅಷ್ಟರೊಳಗೆ 72ಕ್ಕೆ ಇಳಿಯಬೇಕು ಅಂತ ಆಸೆ. ಗಣೇಶನ ಹಬ್ಬ ಮುಗಿದಿದೆ, ಇನ್ನು ಹದಿನೆಂಟು ವಾರ ಇರಬಹುದು.

ವಾರಕ್ಕೆ ನಾಲ್ಕು ದಿನ ಓಟ, ಒಟ್ಟು 45 ಕಿ.ಮೀ. ಆಗುತ್ತೆ. ಭಾನುವಾರ ಲಾಂಗ್ ರನ್. ಈಗಿನ ಊಟ ಹೀಗಿದೆ: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಿಸಿನೀರು, ನಿಂಬೆ, ಜೇನು. ಓಡಿ ಬಂದು ಎರಡು ಇಡ್ಲಿ. ಮಧ್ಯಾಹ್ನ ಒಂದು ಮುದ್ದೆ, ಸಾರು. ಸಂಜೆ ಎರಡು ಸಲ ಕಾಫಿ, ಬಿಸ್ಕತ್ತು. ರಾತ್ರಿ ಅನ್ನ ಪೂರ್ತಿ ಬಿಟ್ಟಿದ್ದೇನೆ, ಸೌತೆಕಾಯಿ, ಕ್ಯಾರೆಟ್, ಒಂದು ಲೋಟ ಮಜ್ಜಿಗೆ ಅಷ್ಟೇ. ಆದರೆ ಹತ್ತೂವರೆ ಹೊತ್ತಿಗೆ ಹಸಿವು ತಡೆಯೋಕಾಗಲ್ಲ. ಡಬ್ಬಿಯಲ್ಲಿರುವ ಖಾರಾ ಮಿಕ್ಸ್ಚರ್, ನಿಪ್ಪಟ್ಟು ಕೈಗೆ ಬರುತ್ತೆ.

ಎರಡು ತಿಂಗಳಿಂದ ತೂಕ ಅಲ್ಲೇ ನಿಂತಿದೆ. ಭಾನುವಾರದ ಓಟದಲ್ಲಿ 18 ಕಿ.ಮೀ. ದಾಟಿದ ಮೇಲೆ ಕಾಲು ಎತ್ತಿಡೋಕೇ ಆಗಲ್ಲ. ಇನ್ನೂ ಕಡಿಮೆ ತಿನ್ನಬೇಕಾ, ಜಾಸ್ತಿ ತಿನ್ನಬೇಕಾ? ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ.

ಲಾಲ್‌ಬಾಗ್ ಬಂಡೆ

ಜಾಸ್ತಿ ತಿನ್ನಬೇಕು, ಆದರೆ ಎಲ್ಲ ದಿನವೂ ಅಲ್ಲ. ಎಲ್ಲ ಹೊತ್ತಿನಲ್ಲೂ ಅಲ್ಲ.

ಮೊದಲು ನಿಮ್ಮ 18ನೇ ಕಿಲೋಮೀಟರ್ ವಿಷಯ. ನಮ್ಮ ಮಾಂಸಖಂಡ ಮತ್ತು ಲಿವರ್ ಸೇರಿ ಸುಮಾರು 400ರಿಂದ 500 ಗ್ರಾಂ ಗ್ಲೈಕೋಜನ್ (ಊಟದ ಪಿಷ್ಟ, ಸಕ್ಕರೆಯಿಂದ ಆಗುವ ಶಕ್ತಿಯ ದಾಸ್ತಾನು) ಇಟ್ಟುಕೊಳ್ಳುತ್ತವೆ. ಅದೂ ಹೊಟ್ಟೆ ತುಂಬ ಅನ್ನ, ರೊಟ್ಟಿ ತಿಂದವರಲ್ಲಿ. ಅಂದರೆ 1,600ರಿಂದ 2,000 ಕ್ಯಾಲರಿ. ಓಟಕ್ಕೆ ಖರ್ಚಾಗುವುದು ಒಂದು ಕಿಲೋಮೀಟರಿಗೆ ದೇಹತೂಕದ ಒಂದು ಕೆಜಿಗೆ ಸುಮಾರು ಒಂದು ಕ್ಯಾಲರಿ. ನೀವು 78 ಕೆಜಿ. 24 ಕಿ.ಮೀ. ಓಡಿದರೆ 1,870 ಕ್ಯಾಲರಿ ಆಯಿತು. ಅದರಲ್ಲಿ ಒಂದಿಷ್ಟು ಕೊಬ್ಬಿನಿಂದ ಬರುತ್ತೆ, ನಿಜ. ಆದರೆ ಶನಿವಾರ ರಾತ್ರಿ ಸೌತೆಕಾಯಿ ತಿಂದು, ಭಾನುವಾರ ನಿಂಬೆನೀರು ಕುಡಿದು ಹೊರಟರೆ ಆ 400 ಗ್ರಾಂ ನಿಮ್ಮಲ್ಲಿ ಇರೋದೇ ಇಲ್ಲ. ಅರ್ಧ ತುಂಬಿಸಿಕೊಂಡು ಹೊರಟಿದ್ದೀರಿ, 18ಕ್ಕೆ ಖಾಲಿ.

ತೂಕ ನಿಂತಿರುವುದಕ್ಕೆ ಉತ್ತರ ನೀವೇ ಬರೆದಿದ್ದೀರಿ. ಹತ್ತೂವರೆಯ ಮಿಕ್ಸ್ಚರ್. ನೂರು ಗ್ರಾಂ ಮಿಕ್ಸ್ಚರ್ ಅಂದರೆ 500 ಕ್ಯಾಲರಿಗೂ ಮೇಲೆ. ಅನ್ನ ಬಿಟ್ಟು ಉಳಿಸಿದ್ದಕ್ಕಿಂತ ಅದೇ ಜಾಸ್ತಿ.

ಅನ್ನ ಬಿಟ್ಟವ

ನನ್ನ ಅನುಭವ ಬೇರೆ. ಅನ್ನ, ಸಕ್ಕರೆ, ಮುದ್ದೆ ಎಲ್ಲ ಬಿಟ್ಟು ವರ್ಷದ ಮೇಲಾಯಿತು. ಮೊಟ್ಟೆ, ಪನೀರ್, ತೆಂಗಿನಕಾಯಿ, ಸೊಪ್ಪು ಇಷ್ಟರಲ್ಲೇ 9 ಕೆಜಿ ಇಳಿದಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಹಾಫ್ ಓಡುತ್ತೇನೆ, ಏನೂ ತೊಂದರೆ ಇಲ್ಲ. ದೇಹದಲ್ಲಿ ಕೊಬ್ಬು ಬೇಕಾದಷ್ಟಿದೆ, ಅದನ್ನೇ ಸುಡೋದು ಕಲಿಸಬೇಕು. ಅನ್ನ ತಿನ್ನಿ ಅನ್ನೋದು ಹಳೇ ಮಾತು.

ಲಾಲ್‌ಬಾಗ್ ಬಂಡೆ

9 ಕೆಜಿ ಇಳಿಸಿದ್ದು ದೊಡ್ಡ ವಿಷಯ, ಅದನ್ನು ಕಡೆಗಣಿಸಲ್ಲ. ನಿಧಾನಕ್ಕೆ ಓಡುವಾಗ ಕೊಬ್ಬಿನ ಮೇಲೆ ಸಾಗಬಹುದು ಅನ್ನೋದೂ ನಿಜ. ಆದರೆ ಎರಡು ಮಾತು.

ಒಂದು, ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಇರುತ್ತೆ. ಅನ್ನ ಬಿಟ್ಟ ಮೊದಲ ವಾರ ಒಂದೂವರೆ, ಎರಡು ಕೆಜಿ ಸರ್ರನೆ ಇಳಿಯೋದು ಈ ನೀರಿನಿಂದ. ಅದು ಕೊಬ್ಬಲ್ಲ. ಮತ್ತೆ ಅನ್ನ ತಿಂದ ಮಾರನೇ ದಿನ ತೂಕ ಏರಿದರೆ ಅದೂ ಕೊಬ್ಬಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಅನ್ನ ಕಂಡರೆ ಹೆದರುತ್ತಾರೆ.

ಎರಡು, ಕೊಬ್ಬು ಸುಡೋಕೆ ಅದೇ ಶಕ್ತಿಗೆ ಹೆಚ್ಚು ಆಮ್ಲಜನಕ ಬೇಕು. 2017ರಲ್ಲಿ ಪ್ರಕಟವಾದ ಒಂದು ಆಸ್ಟ್ರೇಲಿಯಾ ಅಧ್ಯಯನ ಇದೆ, ವಿಶ್ವಮಟ್ಟದ ನಡಿಗೆ ಸ್ಪರ್ಧೆಯ ರೇಸ್ ವಾಕರ್‌ಗಳ ಮೇಲೆ ಮಾಡಿದ್ದು. ಮೂರು ವಾರ ಎಲ್ಲರಿಗೂ ಕಠಿಣ ತರಬೇತಿ. ಕಾರ್ಬ್ (ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಪಿಷ್ಟ, ಸಿಹಿ ಅಂಶ) ತಿಂದವರು 10 ಕಿ.ಮೀ. ಸ್ಪರ್ಧೆಯಲ್ಲಿ ಸುಧಾರಿಸಿದರು. ಕೊಬ್ಬಿನ ಆಹಾರದವರು ಕೊಬ್ಬು ಸುಡೋದರಲ್ಲಿ ಮುಂದೆ ಹೋದರು, ಆದರೆ ಸ್ಪರ್ಧೆಯಲ್ಲಿ ಸುಧಾರಿಸಲಿಲ್ಲ, ಅದೇ ವೇಗಕ್ಕೆ ಜಾಸ್ತಿ ಆಮ್ಲಜನಕ ಬೇಕಾಯಿತು. ಮುಂಬೈನಲ್ಲಿ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಪೆಡ್ಡರ್ ರಸ್ತೆಯ ಏರು ಬರುತ್ತೆ. ಬಿಸಿಲು ಬೇರೆ ಏರಿರುತ್ತೆ. ಅಲ್ಲಿ ಆಮ್ಲಜನಕದ ಲೆಕ್ಕ ಬಹಳ ಮುಖ್ಯ.

ಅನ್ನ ಬಿಟ್ಟವ

ನಾನು ವೇಗದ ಹಿಂದೆ ಬಿದ್ದವನಲ್ಲ. ಸಕ್ಕರೆ ಮಟ್ಟ ಗಡಿಯಲ್ಲಿತ್ತು, ಅದಕ್ಕೆ ಶುರು ಮಾಡಿದ್ದು. ಈಗ ನಾರ್ಮಲ್ ಇದೆ. ಆದರೆ ಫುಲ್ ಓಡಿಲ್ಲ, ಅದರ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ.

ಪಥ್ಯದ ಪುಟ

ನಾನು ಆಹಾರ ತಜ್ಞೆ. ಓಟಗಾರರ ಜೊತೆ ಕೆಲಸ ಮಾಡುತ್ತೇನೆ. ಮೇಲಿನವರ ಹಾಗೆ ಸಕ್ಕರೆ, ಥೈರಾಯ್ಡ್, ಬಿಪಿ ಇರುವವರು ಇಲ್ಲಿ ಓದಿದ್ದನ್ನು ನೇರ ಪಾಲಿಸಬೇಡಿ, ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗಂತೂ ಓಡುವಾಗ ಸಕ್ಕರೆ ತೀರಾ ಇಳಿಯುವ ಅಪಾಯ ಇದೆ.

ಕುಕ್ಕರಹಳ್ಳಿಯವರೇ, ನಿಮ್ಮ ಲೆಕ್ಕ ಹಾಕೋಣ. ಆಫೀಸ್ ಕೆಲಸ ಅಂದುಕೊಳ್ಳುತ್ತೇನೆ. ಓಡದ ದಿನ ನಿಮಗೆ ಸುಮಾರು 2,250 ಕ್ಯಾಲರಿ ಖರ್ಚು. ಅದರ ಮೇಲೆ ವಾರದ ಓಟಕ್ಕೆ 3,500. ಒಂದು ಕೆಜಿ ಕೊಬ್ಬು ಅಂದರೆ 7,700 ಕ್ಯಾಲರಿ. ವಾರಕ್ಕೆ 400 ಗ್ರಾಂ ಇಳಿಸಬೇಕಾದರೆ ವಾರದಲ್ಲಿ 3,000 ಕ್ಯಾಲರಿ ಕೊರತೆ ಸಾಕು. ಅದಕ್ಕಿಂತ ಜೋರಾಗಿ ಹೋಗಬೇಡಿ. ನಾರ್ವೆಯ ಕ್ರೀಡಾಪಟುಗಳ ಮೇಲೆ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ತೂಕದ 0.7 ಶೇಕಡಾ ಇಳಿಸಿದವರು ಭಾರ ಎತ್ತುವ ವ್ಯಾಯಾಮದ ಜೊತೆ ಮಾಂಸಖಂಡ ಬೆಳೆಸಿಕೊಂಡರು. 1.4 ಶೇಕಡಾ ಇಳಿಸಿದವರಿಗೆ ಆ ಲಾಭ ಸಿಗಲಿಲ್ಲ.

ಈ 3,000ವನ್ನು ಏಳು ದಿನಕ್ಕೂ ಸಮನಾಗಿ ಹಂಚಬೇಡಿ. ಎಲ್ಲರೂ ಎಡವೋದು ಇಲ್ಲೇ. ಓಡದ ಮೂರು ದಿನಗಳಲ್ಲಿ ಶನಿವಾರ ಒಂದು ಅಂದುಕೊಂಡರೆ, ಉಳಿದ ಎರಡು ದಿನ ಮತ್ತು ಸಣ್ಣ ಓಟದ ದಿನಗಳಲ್ಲಿ ಕಡಿತ ಮಾಡಿ. ಶನಿವಾರ, ಭಾನುವಾರ ಕೈ ಬಿಗಿ ಹಿಡಿಯಬೇಡಿ. ಕಾರ್ಬ್ ಲೆಕ್ಕದಲ್ಲಿ ಹೇಳೋದಾದರೆ: ವಿಶ್ರಾಂತಿ ದಿನ ಕೆಜಿ ತೂಕಕ್ಕೆ 3 ಗ್ರಾಂ, ಸಾಧಾರಣ ಓಟದ ದಿನ 4ರಿಂದ 5, ಲಾಂಗ್ ರನ್ ಹಿಂದಿನ ದಿನ 6ರಿಂದ 7. ನಿಮಗೆ ಶನಿವಾರ 470 ಗ್ರಾಂ ಕಾರ್ಬ್ ಬೇಕು. ಅದು ಕಮ್ಮಿ ಅಲ್ಲ. ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಬೆಳಗ್ಗೆ ಅವಲಕ್ಕಿ, ಮಧ್ಯೆ ಬಾಳೆಹಣ್ಣು ಎಲ್ಲ ಸೇರಿದರೆ ಆಗುತ್ತೆ.

ಇನ್ನು ಪ್ರೋಟೀನ್. ನಿಮ್ಮ ಈಗಿನ ಊಟದಲ್ಲಿ 45 ಗ್ರಾಂ ಬಂದರೆ ಹೆಚ್ಚು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಾಮಾನ್ಯ ಜನರಿಗೆ ಹೇಳುವುದು ಕೆಜಿಗೆ 0.83 ಗ್ರಾಂ. ತರಬೇತಿಯಲ್ಲಿದ್ದು ತೂಕವನ್ನೂ ಇಳಿಸುವವರಿಗೆ 1.6 ಗ್ರಾಂ ಹತ್ತಿರ ಬೇಕು. ನಿಮಗೆ ದಿನಕ್ಕೆ 110ರಿಂದ 125 ಗ್ರಾಂ. ಇಲ್ಲದಿದ್ದರೆ ಇಳಿಯುವ ತೂಕದಲ್ಲಿ ಮಾಂಸಖಂಡವೂ ಹೋಗುತ್ತೆ, ಹಸಿವೂ ಜಾಸ್ತಿ ಕಾಡುತ್ತೆ. ರಾತ್ರಿ ಹತ್ತೂವರೆಯ ಹಸಿವಿಗೆ ಅರ್ಧ ಕಾರಣ ಇದು.

ಮಂಡ್ಯ ಮುದ್ದೆ

ಮೇಡಂ, ಮುದ್ದೆ ಸಾರಲ್ಲಿ ಪ್ರೋಟೀನ್ ಇಲ್ವಾ? ನಮ್ಮ ಅಪ್ಪ, ತಾತ ಎಲ್ಲ ಅದನ್ನೇ ತಿಂದು ದಿನವಿಡೀ ಗದ್ದೆಯಲ್ಲಿ ದುಡಿದವರು. ಕೀನ್ಯಾದ ಓಟಗಾರರು ತಿನ್ನೋ ಉಗಾಲಿ ಅಂದರೆ ಮೆಕ್ಕೆಜೋಳದ ಮುದ್ದೆಯೇ ಅಲ್ವಾ?

ಪಥ್ಯದ ಪುಟ

ಉಗಾಲಿ ಮಾತು ಸರಿ. ಕೀನ್ಯಾದ ಹತ್ತು ಜನ ಅಗ್ರ ಓಟಗಾರರ ಊಟವನ್ನು ತೂಗಿ ನೋಡಿದ ಅಧ್ಯಯನವೊಂದು 2004ರಲ್ಲಿ ಬಂತು. ಅವರ ಕ್ಯಾಲರಿಯಲ್ಲಿ ಮುಕ್ಕಾಲು ಭಾಗ ಕಾರ್ಬ್‌ನಿಂದಲೇ. ಉಗಾಲಿ, ಅನ್ನ, ಬ್ರೆಡ್, ಸಕ್ಕರೆ ಹಾಕಿದ ಹಾಲಿನ ಚಹಾ. ಪ್ರಪಂಚದ ಅತಿ ತೆಳ್ಳಗಿನ ಓಟಗಾರರು ತಿನ್ನೋದು ಇದನ್ನೇ. ಅದಕ್ಕೆ ಮುದ್ದೆ, ಅನ್ನದ ಮೇಲೆ ಸಿಟ್ಟು ಬೇಡ.

ಆದರೆ ಸಾರಿನ ವಿಷಯ ಸ್ವಲ್ಪ ಹತ್ತಿರದಿಂದ ನೋಡಿ. ಬಸ್ಸಾರು ಮಾಡುವಾಗ ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುತ್ತೇವೆ. ಆ ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿದರೆ ಸಾರು. ಕಾಳು, ಸೊಪ್ಪು ಒಗ್ಗರಣೆಗೆ ಹೋಗಿ ಪಲ್ಯ ಆಗುತ್ತೆ. ಪ್ರೋಟೀನ್ ಇರುವುದು ಬಹುಪಾಲು ಪಲ್ಯದಲ್ಲಿ. ನಮ್ಮ ತಟ್ಟೆಯಲ್ಲಿ ಮುದ್ದೆ ಎರಡು, ಸಾರು ತುಂಬ, ಪಲ್ಯ ಮಾತ್ರ ಮೂಲೆಯಲ್ಲಿ ಎರಡು ಚಮಚ. ಅದನ್ನು ತಿರುಗಿಸಿ. ಮುದ್ದೆ ಒಂದು, ಕಾಳುಪಲ್ಯ ಒಂದು ದೊಡ್ಡ ಬಟ್ಟಲು. 60 ಗ್ರಾಂ ಒಣ ಹುರುಳಿಯೋ ಅಲಸಂದೆಯೋ ಹಾಕಿದ್ದರೆ 13, 14 ಗ್ರಾಂ ಪ್ರೋಟೀನ್ ಸಿಗುತ್ತೆ. ತೆಳ್ಳಗಿನ ಬೇಳೆಸಾರು ಒಂದು ಸೌಟಿನಲ್ಲಿ 3 ಗ್ರಾಂ ಸಿಕ್ಕರೆ ದೊಡ್ಡದು.

ಮೊಟ್ಟೆ ತಿನ್ನುವ ಸಸ್ಯಾಹಾರಿಗೆ ಒಂದು ದಿನ ಹೀಗಿರಬಹುದು. ಬೆಳಗ್ಗೆ ಹೆಸರುಕಾಳಿನ ದೋಸೆ, ಇಲ್ಲವೇ ಇಡ್ಲಿ ಜೊತೆ ಎರಡು ಮೊಟ್ಟೆ. ಮಧ್ಯಾಹ್ನ ಮೇಲೆ ಹೇಳಿದ ಊಟ, ಒಂದು ಬಟ್ಟಲು ಗಟ್ಟಿ ಮೊಸರು. ಸಂಜೆ ಬಿಸ್ಕತ್ತಿನ ಜಾಗದಲ್ಲಿ ಒಂದು ಹಿಡಿ ಹುರಿಗಡಲೆ ಮತ್ತು ಒಂದು ಲೋಟ ಹಾಲು. ರಾತ್ರಿ ಅನ್ನವೋ ಎರಡು ಚಪಾತಿಯೋ, ಜೊತೆಗೆ 40 ಗ್ರಾಂ ಸೋಯಾ ಚಂಕ್ಸ್ ಹಾಕಿದ ಸಾಗು. ಸೋಯಾದಲ್ಲಿ ತೂಕದ ಅರ್ಧದಷ್ಟು ಪ್ರೋಟೀನ್ ಇರುತ್ತೆ. ಇಷ್ಟಕ್ಕೆ 90 ಗ್ರಾಂ ಆಯಿತು. ಉಳಿದದ್ದಕ್ಕೆ ಓಟದ ದಿನ ಒಂದು ಸ್ಕೂಪ್ ವೇ ಪುಡಿ ಹಾಕಿಕೊಳ್ಳಿ. ಅದು ಔಷಧಿಯಲ್ಲ, ಹಾಲಿನದೇ ಪ್ರೋಟೀನ್. ಒಳ್ಳೆ ಕಂಪನಿಯದು ನೋಡಿ ತಗೊಳ್ಳಿ.

ಕಡಿತ ಎಲ್ಲಿಂದ ಅಂತೀರಾ? ಎಣ್ಣೆಯಿಂದ. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲರಿ. ಒಗ್ಗರಣೆಗೆ ಅಂದಾಜಿನಲ್ಲಿ ಸುರಿಯೋ ಬದಲು ಚಮಚದಲ್ಲಿ ಅಳೆದು ಹಾಕಿ. ಸಂಜೆಯ ಕರಿದ ತಿಂಡಿ, ಬಿಸ್ಕತ್ತು, ಕಾಫಿಯ ಸಕ್ಕರೆ. ಇವನ್ನು ಮುಟ್ಟದೆ ಅನ್ನವನ್ನೇ ಮೊದಲು ಬಿಡೋದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಲಾಲ್‌ಬಾಗ್ ಬಂಡೆ

ಬೆಂಗಳೂರಿನವರಿಗೆ ಇನ್ನೊಂದು ಜಾಗ ಇದೆ. ಕಬ್ಬನ್ ಪಾರ್ಕಿನಲ್ಲಿ ಓಡಿ, ಗುಂಪಾಗಿ ದರ್ಶಿನಿಗೆ ಹೋಗೋದು. ಬೆಣ್ಣೆ ಮಸಾಲೆ ದೋಸೆ, ಉದ್ದಿನ ವಡೆ, ಒಂದು ಪ್ಲೇಟ್ ಕೇಸರಿಬಾತ್, ಕಾಫಿ. ಸಾವಿರ ಕ್ಯಾಲರಿ ಆರಾಮಾಗಿ ದಾಟುತ್ತೆ. ಹತ್ತು ಕಿಲೋಮೀಟರ್ ಓಡಿದ್ದಕ್ಕೆ ಖರ್ಚಾಗಿದ್ದು 700, 800. ಆ ಗೆಳೆತನ ನನಗೆ ತುಂಬ ಇಷ್ಟ, ಬಿಡಿ ಅಂತ ಯಾರಿಗೂ ಹೇಳಲ್ಲ. ಲಾಂಗ್ ರನ್ ದಿನ ಧಾರಾಳವಾಗಿ ತಿನ್ನಿ. ಐದು, ಹತ್ತು ಕಿ.ಮೀ. ದಿನ ಇಡ್ಲಿ, ಕಾಫಿಗೆ ನಿಲ್ಲಿಸಿ.

ತುಂಗೆಯ ಮಗಳು

ಹೆಣ್ಣುಮಕ್ಕಳ ಪರವಾಗಿ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ತೂಕ ಇಳಿಸಿದರೆ ಟೈಮ್ ತಾನಾಗಿ ಇಳಿಯುತ್ತೆ ಅಂತ ನನಗೆ ಒಬ್ಬ ತರಬೇತುದಾರರು ಹೇಳಿದ್ದರು. 54 ಕೆಜಿ ಇದ್ದವಳು 48ಕ್ಕೆ ಬಂದೆ. ಮೊದಲು ಟೈಮ್ ಚೆನ್ನಾಗಿ ಬಂತು. ಎಲ್ಲರೂ ಹೊಗಳಿದರು. ಆಮೇಲೆ ತಿಂಗಳ ಮುಟ್ಟು ನಿಂತಿತು. ಅದನ್ನು ಹೇಳಿದರೆ, ಜಾಸ್ತಿ ಓಡುವವರಿಗೆ ಹಾಗೆ ಆಗುತ್ತೆ, ತಲೆ ಕೆಡಿಸ್ಕೋಬೇಡ ಅಂದರು. ಆರು ತಿಂಗಳಿಗೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇಪದೇ ಒತ್ತಡ ಬಿದ್ದು ಆಗುವ ಕೂದಲೆಳೆ ಬಿರುಕು.

ಇದಕ್ಕೆ ಹೆಸರಿದೆ. ರೆಡ್-ಎಸ್ ಅಂತಾರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದರ ಬಗ್ಗೆ ಒಮ್ಮತದ ಹೇಳಿಕೆ ಕೊಟ್ಟಿತು, 2023ರಲ್ಲಿ ಮತ್ತೆ ಪರಿಷ್ಕರಿಸಿತು. ಓಟಕ್ಕೆ ಖರ್ಚಾದ ಮೇಲೆ ದೇಹಕ್ಕೆ ಉಳಿಯುವ ಶಕ್ತಿ ತೀರಾ ಕಡಿಮೆ ಆದರೆ, ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತೆ. ಮುಟ್ಟು, ಮೂಳೆಯ ದುರಸ್ತಿ, ರೋಗನಿರೋಧಕ ಶಕ್ತಿ, ನಿದ್ದೆ ಎಲ್ಲಕ್ಕೂ ಪೆಟ್ಟು. ಗಂಡಸರಿಗೂ ಬರುತ್ತೆ, ಅವರಲ್ಲಿ ಟೆಸ್ಟೋಸ್ಟೆರಾನ್ ಇಳಿಯುತ್ತೆ. ಆದರೆ ಹೆಣ್ಣುಮಕ್ಕಳಿಗೆ ಮುಟ್ಟು ಎಂಬ ಗುರುತು ತಿಂಗಳು ತಿಂಗಳೂ ಕಾಣುತ್ತೆ. ಮೂರು ತಿಂಗಳು ನಿಂತರೆ ಸುಮ್ನೆ ಕೂರಬೇಡಿ, ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.

ಇನ್ನೊಂದು, ಕಬ್ಬಿಣ. ಹಿಮೋಗ್ಲೋಬಿನ್ ಒಂದೇ ನೋಡಬೇಡಿ, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ರಕ್ತ ಪರೀಕ್ಷೆ) ಕೂಡ ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದ್ದು ಫೆರಿಟಿನ್ ತಳ ಹಿಡಿದಿರುವವರು ಬಹಳ. ಓಡುವಾಗ ಪಾದ ನೆಲಕ್ಕೆ ಬಡಿಯೋದರಿಂದಲೂ ಸ್ವಲ್ಪ ಕೆಂಪು ರಕ್ತಕಣ ಒಡೆಯುತ್ತೆ, ಬೆವರಲ್ಲೂ ಸ್ವಲ್ಪ ಹೋಗುತ್ತೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣ ಸರಿಯಾಗಿ ಹೀರಿಕೊಳ್ಳಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಕೋಸಂಬರಿಗೆ, ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹೀರಿಕೊಳ್ಳುತ್ತೆ. ಮಾತ್ರೆಯನ್ನು ಟೆಸ್ಟ್ ಮಾಡಿಸದೆ ತಗೋಬೇಡಿ.

ಮತ್ತೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳು ಅವಳೇ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆ ಖಾಲಿ. ಬೆಳಗ್ಗೆ 15 ಕಿ.ಮೀ. ಓಡಿ ಬಂದವಳು ಮಧ್ಯಾಹ್ನ ಅನ್ನ, ಸಾರಿನ ನೀರು ತಿಂದರೆ ಹೇಗೆ? ನಿಮ್ಮ ಪಾಲಿನ ಪಲ್ಯವನ್ನು ಮೊದಲೇ ಒಂದು ಬಟ್ಟಲಲ್ಲಿ ತೆಗೆದಿಡಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಪಥ್ಯದ ಪುಟ

ಪ್ರತಿ ಸಾಲೂ ನಿಜ. 48 ಕೆಜಿಗೆ ಇಳಿಯುವ ಅಗತ್ಯವೇ ನಿಮಗೆ ಇರಲಿಲ್ಲ. ಯಾರು ತೂಕ ಇಳಿಸಬೇಕು ಅನ್ನೋದೂ ಒಂದು ಪ್ರಶ್ನೆ. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23ರ ಕೆಳಗೆ, ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80ರ ಕೆಳಗೆ ಇದ್ದರೆ ಸಾಮಾನ್ಯವಾಗಿ ತೂಕದ ತಂಟೆಗೆ ಹೋಗೋದು ಬೇಡ. ಊಟ ಸರಿ ಮಾಡಿಕೊಂಡು ಓಡಿದರೆ ಸಾಕು.

ಕುಕ್ಕರಹಳ್ಳಿ ದಂಡೆ

ನನ್ನ ಬಿಎಂಐ 27, ಸೊಂಟ 96. ಹಾಗಾಗಿ ಇಳಿಸಲೇಬೇಕು. ತುಂಗೆಯ ಮಗಳು ಅವರೇ, ನಿಮ್ಮ ಬರಹವನ್ನು ಮನೆಯಲ್ಲೂ ಓದಿಸಿದೆ. ಮಡದಿಯೂ ಓಡುತ್ತಾಳೆ, ಇಬ್ಬರೂ ಫೆರಿಟಿನ್ ಮಾಡಿಸುತ್ತೇವೆ.

ಒಂದು ಪ್ರಶ್ನೆ. ಬೆಳಗ್ಗೆ ನಾಲ್ಕೂವರೆಗೆ ಏಳೋದು, ಐದಕ್ಕೆ ಓಟ. ಅಷ್ಟು ಹೊತ್ತಿಗೆ ಏನು ತಿನ್ನಲಿ? ಹೊಟ್ಟೆ ಭಾರ ಆಗುತ್ತೆ.

ಜೋಳದ ರೊಟ್ಟಿ

ಧಾರವಾಡದಿಂದ. ಒಂದು ಗಂಟೆ ಒಳಗಿನ ಆರಾಮ ಓಟಕ್ಕೆ ಏನೂ ತಿನ್ನದೆ ಹೋಗಬಹುದು, ರಾತ್ರಿ ಊಟ ಸರಿ ಆಗಿದ್ದರೆ. ಅದರಿಂದ ವಿಶೇಷವಾಗಿ ಕೊಬ್ಬು ಕರಗುತ್ತೆ ಅಂತ ಮಾತ್ರ ತಿಳಿಯಬೇಡಿ. ಓಡುವ ಹೊತ್ತಲ್ಲಿ ಕೊಬ್ಬು ಜಾಸ್ತಿ ಸುಟ್ಟರೂ ದಿನದ ಕೊನೆಗೆ ಒಟ್ಟು ಕ್ಯಾಲರಿಯದ್ದೇ ಲೆಕ್ಕ. ಲಾಂಗ್ ರನ್, ವೇಗದ ಓಟದ ದಿನ ಎರಡು ಏಲಕ್ಕಿ ಬಾಳೆಹಣ್ಣು, ಒಂದು ತುಂಡು ಬೆಲ್ಲ, ಅರ್ಧ ಲೋಟ ಕಾಫಿ. ಭಾರ ಆಗಲ್ಲ.

ಇನ್ನೊಂದು ಮಾತು. ಜೋಳ, ರಾಗಿ ಎಷ್ಟೇ ಒಳ್ಳೆಯದಾದರೂ ಲಾಂಗ್ ರನ್ ಹಿಂದಿನ ರಾತ್ರಿ ಬೇಡ. ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು. ಕಾಳುಪಲ್ಯ, ಹಸಿ ತರಕಾರಿಯೂ ಹಾಗೆ. ವಾರದ ದಿನಗಳಲ್ಲಿ ಹೊಟ್ಟೆ ತುಂಬಿದ ಹಾಗಿರಲು ಇವೇ ಬೇಕು, ಶನಿವಾರ ರಾತ್ರಿ ಮಾತ್ರ ಬಿಳಿ ಅನ್ನ, ತಿಳಿಸಾರು, ಮೊಸರು. ನಾನು ರೊಟ್ಟಿ ಬಿಟ್ಟು ಬದುಕದವನು, ಆದರೂ ಶನಿವಾರ ಅನ್ನವೇ. ರಸ್ತೆ ಮಧ್ಯೆ ಶೌಚಾಲಯ ಹುಡುಕುವ ಪಾಡು ಯಾರಿಗೂ ಬೇಡ.

ಮಂಡ್ಯ ಮುದ್ದೆ

ಇದು ಹೊಸ ವಿಷಯ ನನಗೆ. ಸೋಮವಾರದಿಂದ ಶುಕ್ರವಾರ ಮುದ್ದೆ, ಶನಿವಾರ ಅನ್ನ. ಆಗಲಿ.

ಕುಕ್ಕರಹಳ್ಳಿ ದಂಡೆ

ಓಡುವಾಗ? ಜೆಲ್ (ಓಡುವಾಗ ಹೀರುವ ಸಕ್ಕರೆ ಪಾಕದ ಪೊಟ್ಟಣ) ತುಂಬ ದುಬಾರಿ. ಬೆಲ್ಲ, ಖರ್ಜೂರ, ಚಿಕ್ಕಿ ಆಗುತ್ತಾ? ಮತ್ತೆ ತೂಕ ಇಳಿಸುವವನು ಓಡುವಾಗ ಸಿಹಿ ತಿಂದರೆ ಓಡಿದ್ದೇ ವ್ಯರ್ಥ ಅಲ್ವಾ?

ಲಾಲ್‌ಬಾಗ್ ಬಂಡೆ

ವ್ಯರ್ಥ ಅಲ್ಲ. ಓಡುತ್ತಾ ತಿಂದ 150 ಗ್ರಾಂ ಸಕ್ಕರೆ 600 ಕ್ಯಾಲರಿ. ಅದರಿಂದ ಕೊನೆಯ ಎಂಟು ಕಿಲೋಮೀಟರ್ ಚೆನ್ನಾಗಿ ಆಗುತ್ತೆ, ಮನೆಗೆ ಬಂದು ಸಿಕ್ಕಿದ್ದೆಲ್ಲ ಬಾಚಿ ತಿನ್ನೋದು ತಪ್ಪುತ್ತೆ, ಮಂಗಳವಾರ ಕಾಲು ಹಗುರಾಗಿರುತ್ತೆ. ಭಾನುವಾರ ಹಸಿದು ಓಡಿದವರು ಭಾನುವಾರ ಸಂಜೆಯೇ ಆ ಕೊರತೆ ತುಂಬಿಸಿಕೊಳ್ಳೋದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ.

ಒಂದೂವರೆ ಗಂಟೆ ಮೀರಿದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್. ಮೊದಲ 40 ನಿಮಿಷದೊಳಗೆ ಶುರು ಮಾಡಿ, ಸುಸ್ತಾದ ಮೇಲೆ ಅಲ್ಲ. ಒಂದು ಜೆಲ್‌ನಲ್ಲಿ 20ರಿಂದ 25 ಗ್ರಾಂ ಇರುತ್ತೆ. ಗೋಲಿ ಗಾತ್ರದ 10 ಗ್ರಾಂ ಬೆಲ್ಲದಲ್ಲಿ ಸುಮಾರು 9 ಗ್ರಾಂ. ಒಂದು ಏಲಕ್ಕಿ ಬಾಳೆಹಣ್ಣು ಸುಮಾರು 10, 12 ಗ್ರಾಂ. ಖರ್ಜೂರ ಆಗುತ್ತೆ, ಬೀಜ ಮೊದಲೇ ತೆಗೆದಿಡಿ. ಶೇಂಗಾ ಚಿಕ್ಕಿ ಬೇಡ, ಶೇಂಗಾದ ಎಣ್ಣೆ ಹೊಟ್ಟೆಯಲ್ಲಿ ನಿಧಾನ, ಓಡುತ್ತಾ ಅಗಿಯೋದೂ ಕಷ್ಟ. ರೇಸ್‌ನಲ್ಲಿ ಜೆಲ್ ಬಳಸುವ ಯೋಚನೆ ಇದ್ದರೆ ಕೊನೆಯ ಮೂರ್ನಾಲ್ಕು ಲಾಂಗ್ ರನ್‌ನಲ್ಲಿ ಅದನ್ನೇ ಬಳಸಿ. ಹೊಟ್ಟೆಗೂ ತರಬೇತಿ ಬೇಕು.

ಪಡುಬಿದ್ರಿ ಗಾಳಿ

ಕರಾವಳಿಯಿಂದ ನನ್ನದೊಂದು ಸೇರಿಸುತ್ತೇನೆ. ಮೈಸೂರಿನ ಹವೆ ಬೇರೆ, ಮುಂಬೈ ಹವೆ ನಮ್ಮ ಊರಿನ ಹಾಗೆ. ಬೆವರು ಹರಿಯುತ್ತೆ, ಆರಲ್ಲ. ಒಂದು ಗಂಟೆ ಓಡುವ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ ಅಂತ. ಅದನ್ನು ನೋಡಿ ತೂಕ ಇಳಿಯಿತು ಅಂತ ಖುಷಿ ಪಡಬೇಡಿ, ಸಂಜೆಯೊಳಗೆ ನೀರು ವಾಪಸ್ ಕುಡಿಯಬೇಕು.

ತುಂಬ ಜನ ಓಆರ್‌ಎಸ್ ಹಿಡಿದುಕೊಂಡು ಓಡುತ್ತಾರೆ. ಉಪ್ಪಿಗೆ ಅದು ಒಳ್ಳೆಯದು. ಆದರೆ ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್ ಒಂದು ಲೀಟರಿನಲ್ಲಿ ಗ್ಲೂಕೋಸ್ ಇರೋದು 13.5 ಗ್ರಾಂ ಮಾತ್ರ. ಅದು ಭೇದಿಗೆ ಮಾಡಿದ್ದು, ಮ್ಯಾರಥಾನ್‌ಗೆ ಅಲ್ಲ. ಶಕ್ತಿ ಸಾಲಲ್ಲ. ಮನೆಯಲ್ಲೇ ಮಾಡಿ: ಒಂದು ಲೀಟರ್ ನೀರು, 60 ಗ್ರಾಂ ಸಕ್ಕರೆ, ಕಾಲು ಟೀ ಚಮಚಕ್ಕಿಂತ ತುಸು ಜಾಸ್ತಿ ಉಪ್ಪು, ಎರಡು ನಿಂಬೆಹಣ್ಣು. ನಮ್ಮ ಶರಬತ್ತೇ.

ಬರೀ ನೀರನ್ನು ಸಿಕ್ಕಿದ ಪ್ರತಿ ಟೇಬಲ್‌ನಲ್ಲೂ ಕುಡಿಯೋದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಓಡಿದವರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡುವಾಗ ತೂಕ ಏರಿದವರಲ್ಲಿ, ನಿಧಾನ ಓಡಿದವರಲ್ಲಿ ಅದು ಹೆಚ್ಚು. ಬಾಯಾರಿಕೆ ಆದಾಗ ಕುಡಿಯಿರಿ, ಸಾಕು.

ಓಡಿ ಬಂದ ಮೇಲೆ ನನಗೆ ಕುಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಸ್ವಲ್ಪ ಹೊತ್ತು ಬಿಟ್ಟು ಮೀನು. ನೀರು, ಉಪ್ಪು, ಕಾರ್ಬ್ ಮೂರೂ ಒಂದೇ ಬಟ್ಟಲಲ್ಲಿ.

ತುಂಗೆಯ ಮಗಳು

ಹಬ್ಬಗಳ ಬಗ್ಗೆ ಯಾರೂ ಬರೆದಿಲ್ಲ. ನವರಾತ್ರಿ, ದೀಪಾವಳಿ ಎರಡೂ ಈ ತರಬೇತಿಯ ನಡುವೆಯೇ ಬರುತ್ತೆ. ನನ್ನ ಅಭಿಪ್ರಾಯ: ಹಬ್ಬದ ದಿನ ಒಬ್ಬಟ್ಟು ತುಪ್ಪ ಹಾಕಿಕೊಂಡೇ ತಿನ್ನಿ, ಎಲೆ ಮುಂದೆ ಲೆಕ್ಕ ಹಾಕ್ತಾ ಕೂರಬೇಡಿ. ತೂಕ ಏರೋದು ಹಬ್ಬದ ದಿನ ಅಲ್ಲ, ಮುಂದಿನ ಹತ್ತು ದಿನ ಡಬ್ಬಿಯಲ್ಲಿ ಉಳಿದ ಚಕ್ಕುಲಿ, ಕೋಡುಬಳೆ, ರವೆ ಉಂಡೆ ತಿನ್ನುವಾಗ. ಮಾಡಿದ್ದನ್ನು ಮಾರನೇ ದಿನವೇ ಹಂಚಿಬಿಡಿ. ಮತ್ತೆ ನವರಾತ್ರಿ, ಏಕಾದಶಿ ಉಪವಾಸ ಮಾಡುವವರು ಆ ದಿನ, ಅದರ ಮಾರನೇ ದಿನ ಲಾಂಗ್ ರನ್ ಇಟ್ಟುಕೊಳ್ಳಬೇಡಿ. ಉಪವಾಸ ಬಿಡಿ ಅಂತ ಹೇಳಲ್ಲ, ಓಟವನ್ನು ಸರಿಸಿ.

ಪಥ್ಯದ ಪುಟ

ಒಳ್ಳೆ ಮಾತು. ಕೊನೆಯ ನಾಲ್ಕು ವಾರದ ಬಗ್ಗೆಯೂ ಹೇಳಿಬಿಡುತ್ತೇನೆ. ಡಿಸೆಂಬರ್ ಮಧ್ಯದ ಮೇಲೆ ತೂಕ ಇಳಿಸೋದು ನಿಲ್ಲಿಸಿ. ಆಗ ತೂಕ ಎಷ್ಟಿದೆಯೋ ಅದೇ ನಿಮ್ಮ ರೇಸ್ ತೂಕ. ವಾರಕ್ಕೆ 400 ಗ್ರಾಂ ಲೆಕ್ಕದಲ್ಲಿ ಎಲ್ಲ ಸರಿ ಹೋದರೂ 73 ಹತ್ತಿರ ಬರಬಹುದು. 72 ಅನ್ನೋ ಅಂಕಿಗೆ ಜೋತು ಬೀಳಬೇಡಿ, ಉಳಿದದ್ದನ್ನು ಫೆಬ್ರವರಿಯಲ್ಲಿ ನೋಡೋಣ. ರೇಸ್ ಮುಂಚಿನ ವಿಶ್ರಾಂತಿಯ ವಾರಗಳಲ್ಲಿ, ಅಂದರೆ ಟೇಪರ್‌ನಲ್ಲಿ ಓಟ ಕಡಿಮೆ ಆಗುತ್ತೆ, ಗ್ಲೈಕೋಜನ್ ತುಂಬುತ್ತೆ, ಜೊತೆಗೆ ನೀರು. ರೇಸ್ ವಾರ ತೂಕ ಒಂದು, ಒಂದೂವರೆ ಕೆಜಿ ಏರಿ ಕಾಣಬಹುದು. ಅದು ಬೇಕಾದದ್ದೇ. ಆ ವಾರ ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿಬಿಡಿ.

ಕುಕ್ಕರಹಳ್ಳಿ ದಂಡೆ

ದೀಪಾವಳಿ ಮುಗಿಯಿತು, ಹೇಗಾಯಿತು ಅಂತ ಹೇಳೋಕೆ ಬಂದೆ. ತೂಕ 75.6. ಸೊಂಟ 92. ರಾತ್ರಿ ಅನ್ನ, ಸಾಗು ತಿನ್ನಲು ಶುರು ಮಾಡಿದ ಎರಡನೇ ವಾರಕ್ಕೆ ಹತ್ತೂವರೆಯ ಹಸಿವು ಹೋಯಿತು, ಮಿಕ್ಸ್ಚರ್ ನೆನಪೇ ಆಗಲ್ಲ. ಕಳೆದ ಭಾನುವಾರ 28 ಕಿ.ಮೀ. ಶರಬತ್ತು ಬಾಟಲಿ, ಬೆಲ್ಲ, ಎರಡು ಜೆಲ್. 24ರ ನಂತರವೂ ಅದೇ ವೇಗ. ಮಡದಿಯ ಫೆರಿಟಿನ್ 9 ಬಂತು, ಡಾಕ್ಟರ್ ಮಾತ್ರೆ ಶುರು ಮಾಡಿದ್ದಾರೆ. ಅದಕ್ಕೆ ತುಂಗೆಯ ಮಗಳು ಅವರಿಗೆ ನಾವಿಬ್ಬರೂ ಋಣಿ.

ಈಗ ಮುಂಬೈ ಪ್ರಯಾಣ. ಶುಕ್ರವಾರ ರೈಲು, ಶನಿವಾರ ಲಾಡ್ಜ್. ಊಟಕ್ಕೆ ಏನು ಮಾಡಲಿ?

ಜೋಳದ ರೊಟ್ಟಿ

ಮಾಟುಂಗಾ ಕಡೆ ಹೋಗಿ. ನಮ್ಮವರ ಹಳೇ ಹೋಟೆಲ್‌ಗಳಿವೆ. ಇಡ್ಲಿ, ಅನ್ನ, ರಸಂ, ಮೊಸರು ಎಲ್ಲ ಸಿಗುತ್ತೆ. ಹೊಸ ರುಚಿ ನೋಡೋದು ರೇಸ್ ಮುಗಿದ ಮೇಲೆ.

ಲಾಲ್‌ಬಾಗ್ ಬಂಡೆ

ಶನಿವಾರ ದೊಡ್ಡ ಊಟ ಮಧ್ಯಾಹ್ನವೇ ಮುಗಿಸಿ, ರಾತ್ರಿ ಏಳರೊಳಗೆ ಹಿತಮಿತ ಮೊಸರನ್ನ. ಮನೆಯಿಂದ ತೆಳು ಅವಲಕ್ಕಿ ಅರ್ಧ ಕೆಜಿ, ಪುಡಿ ಬೆಲ್ಲ, ಹಾಲಿನ ಪುಡಿ ಕಟ್ಟಿಕೊಂಡು ಹೋಗಿ. ಫುಲ್ ಬೆಳಗಿನ ಜಾವವೇ ಶುರು ಆಗುತ್ತೆ, ಆ ಹೊತ್ತಿಗೆ ಲಾಡ್ಜ್‌ನಲ್ಲಿ ಏನೂ ಸಿಗಲ್ಲ. ಎರಡೂವರೆ ಗಂಟೆ ಮುಂಚೆ ಎದ್ದು ಬಿಸಿನೀರಿನಲ್ಲಿ ನೂರು ಗ್ರಾಂ ಅವಲಕ್ಕಿ ನೆನೆಸಿ, ಬೆಲ್ಲ ಹಾಕಿ, ಒಂದು ಬಾಳೆಹಣ್ಣು ಕಿವುಚಿ ತಿನ್ನಿ. ನೂರು ಗ್ರಾಂ ಕಾರ್ಬ್ ಆಯಿತು. ಇದನ್ನು ಮುಂದಿನ ಎರಡು ಲಾಂಗ್ ರನ್ ದಿನ ಮನೆಯಲ್ಲೇ ತಿಂದು ನೋಡಿ, ಹೊಟ್ಟೆಗೆ ಒಗ್ಗದಿದ್ದರೆ ಇಲ್ಲಿ ಬರೆಯಿರಿ, ಬೇರೆ ನೋಡೋಣ.